ನಾಲೆ ಕಿರಿದಾದಾಗ

ಮಳವಳ್ಳಿಯ ಪೇಟೆ ಬೀದಿಯಲ್ಲಿ ಬೆಳಗಿನ ಹೊತ್ತು ಸೈಕಲ್ಲನ್ನು ತಳ್ಳಿಕೊಂಡು ಹೋಗುವ ಮೇಷ್ಟ್ರನ್ನು ಅರಿಯದ ಅಂಗಡಿಯವರಿಲ್ಲ. ಚಕ್ರಗಳಲ್ಲಿ ಗಾಳಿ ಭರ್ತಿಯಾಗಿರುತ್ತದೆ, ಸರಪಳಿಗೆ ಎಣ್ಣೆ ಬಿಟ್ಟಿರುತ್ತದೆ. ಆದರೂ ಮೇಷ್ಟ್ರು ಸೈಕಲ್ಲನ್ನು ಏರುವುದಿಲ್ಲ. ಹಿಡಿಯ ಮೇಲೆ ಎರಡು ಕೈಗಳನ್ನೂ ಊರಿ, ತುಸು ಮುಂದಕ್ಕೆ ಬಾಗಿ, ತರಕಾರಿಯ ಚೀಲವನ್ನು ತೂಗುಹಾಕಿಕೊಂಡು ನಿಧಾನವಾಗಿ ನಡೆಯುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರಿಗೆ ಈಗ 68 ವರ್ಷ. ಅಷ್ಟು ಕಾಲವೂ ತಮ್ಮನ್ನು ಹೊತ್ತು ತಿರುಗಿದ ಸೈಕಲ್ಲಿನ ಋಣವನ್ನು ಮೇಷ್ಟ್ರು ಈಗ ಅದನ್ನು ನಡೆಸಿಕೊಂಡು ಹೋಗಿ ತೀರಿಸುತ್ತಿದ್ದಾರೆಂದು ಹಳೆಯ ವಿದ್ಯಾರ್ಥಿಗಳು ನಗೆಯಾಡುವುದುಂಟು.

ಆ ನಗೆಯ ಹಿಂದಿನ ನಿಜ ಹೊರಬಿದ್ದದ್ದು ಸೈಕಲ್ಲು ದುರಸ್ತಿಗೆ ಹೋದ ದಿನ. ಅಂದು ಬಸ್ ನಿಲ್ದಾಣದ ಕಡೆಗೆ ಬರಿಗೈಯಲ್ಲಿ ಹೊರಟ ಮೇಷ್ಟ್ರಿಗೆ ಏಳನೆಯ ದೀಪದ ಕಂಬದ ಬಳಿ ಕಾಲುಗಳು ಮಾತು ಕೇಳದಾದುವು. ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ, ಅಲ್ಲಿಂದ ಮೀನಖಂಡಕ್ಕೆ ಸೀಸ ಕಾಯಿಸಿ ಹೊಯ್ದಂತೆ ಭಾರ, ಪಾದಗಳಲ್ಲಿ ಜೋಮು. ದರ್ಜಿಯ ಅಂಗಡಿಯ ಜಗಲಿಯ ಮೇಲೆ ಕುಳಿತರು. ಐದು ನಿಮಿಷ ಕಳೆಯುವಷ್ಟರಲ್ಲಿ ನೋವು ಹೇಳದೆ ಕೇಳದೆ ಮಾಯವಾಯಿತು. ಎದ್ದು ನಡೆದರು. ಮತ್ತೆ ಏಳು ಕಂಬ, ಮತ್ತೊಂದು ಜಗಲಿ. ಬೇರೆಯವರಾಗಿದ್ದರೆ ದಣಿವೆಂದು ಸುಮ್ಮನಾಗುತ್ತಿದ್ದರು. ಮೇಷ್ಟ್ರಿಗೆ ಆ ಏಳೆಂಬ ಸಂಖ್ಯೆ ಮನಸ್ಸಿನಲ್ಲಿ ನಿಂತುಬಿಟ್ಟಿತು.

“ಏನೂಂದ್ರೆ, ಬೆನ್ನಿಗೆ ಎಣ್ಣೆ ತಿಕ್ಕಿಕೊಡಲೆ?” ಎಂದು ಮಡದಿ ಅಂದು ರಾತ್ರಿ ಕೇಳಿದರು.

“ನೋವು ಬೆನ್ನಿನಲ್ಲಿಲ್ಲವೇ ಮಾರಾಯಿತಿ, ಕಾಲಿನಲ್ಲಿ.”

“ಹಾಗಾದರೆ ಕಾಲಿಗೆ ತಿಕ್ಕುತ್ತೇನೆ.”

ಎಣ್ಣೆಯಿಂದ ಸುಖವಾಯಿತು, ಕಂಬಗಳ ಲೆಕ್ಕ ಬದಲಾಗಲಿಲ್ಲ. ಸೊಂಟದ ನೋವಿಗೆ ಮದ್ದು ಹೇಳಲಾರದ ನೆರೆಯವನು ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬರು ಸಕ್ಕರೆ ಕಾಯಿಲೆಯೆಂದರು. ರಕ್ತ ಪರೀಕ್ಷೆಯಲ್ಲಿ ಅದಿರಲಿಲ್ಲ. ಮತ್ತೊಬ್ಬರು ವಾಯುವೆಂದು ನಿರ್ಣಯಿಸಿ ಆಲೂಗಡ್ಡೆಯನ್ನು ಬಿಡಿಸಿದರು. ತಾಯಿಯ ಗರ್ಭದಿಂದ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಹೋಗುವುದೆಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಉಂಟು. ಅಂತಹ ಒಬ್ಬ ಹುಡುಗನನ್ನು ಕರೆತರುವ ಏರ್ಪಾಡೂ ಆಗಿತ್ತು. ಆ ಹುಡುಗ ಮೇಷ್ಟ್ರ ಶಿಷ್ಯನೇ ಆಗಿದ್ದುದರಿಂದ ಗುರುಗಳನ್ನು ಒದೆಯಲು ಒಪ್ಪಲಿಲ್ಲ. ಶಿಷ್ಯನ ಆ ವಿನಯ ಎಷ್ಟು ದೊಡ್ಡ ಉಪಕಾರವೆಂಬುದು ಮೇಷ್ಟ್ರಿಗೆ ತಿಳಿದದ್ದು ಆಮೇಲೆ. ವಯಸ್ಸಾದವರ ಬೆನ್ನಿನಲ್ಲಿ ನರಗಳಿಗೆ ಸ್ಥಳ ಮೊದಲೇ ಇಕ್ಕಟ್ಟಾಗಿರುವಾಗ ಒದೆತ, ತುಳಿತ, ಹಠಾತ್ತನೆ ತಿರುಚುವುದು ಇವು ಅಪಾಯವನ್ನು ಕೈಬೀಸಿ ಕರೆದಂತೆ.

ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದು ದಿನವೂ ಮಳವಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಮಗ ಕೊನೆಗೆ ತಂದೆಯನ್ನು ಬಲವಂತದಿಂದ ಎಂ.ಆರ್.ಐ. ಚಿತ್ರ ತೆಗೆಯಿಸಲು ಕರೆದೊಯ್ದನು. ಆ ವರದಿಯಲ್ಲಿ ಸೊಂಟದ ಎರಡು ಕಡೆಗಳಲ್ಲಿ ಬೆನ್ನುಹುರಿಯ ನಾಳ ಕಿರಿದಾಗಿರುವುದೆಂದೂ, ಒಂದು ಕಡೆ ಅದು ‘ತೀವ್ರ’ ಎಂದೂ ಬರೆದಿತ್ತು. ಸ್ಪೈನಲ್ ಸ್ಟೆನೋಸಿಸ್ ಎಂಬುದು ರೋಗದ ಹೆಸರು. ನಗರದ ಶಸ್ತ್ರವೈದ್ಯರೊಬ್ಬರು ಚಿತ್ರವನ್ನು ದೀಪದ ಪೆಟ್ಟಿಗೆಯ ಮೇಲೆ ಹಿಡಿದು ನೋಡಿ, ಮೂಳೆಗಳಿಗೆ ತಿರುಪು ಹಾಕಿ ಸರಳು ಜೋಡಿಸಬೇಕು, ಒಂದು ತಿಂಗಳೊಳಗೆ ಆದರೆ ಒಳ್ಳೆಯದು, ಇಲ್ಲವಾದರೆ ಕಾಲುಗಳ ವಿಷಯ ಹೇಳಲಾಗದು ಎಂದರು. ಐದು ನಿಮಿಷದ ಸಂದರ್ಶನ. ಮೇಷ್ಟ್ರನ್ನು ಹಾಸಿಗೆಯ ಮೇಲೆ ಮಲಗಿಸಿ ಕಾಲು ಮುಟ್ಟಿ ನೋಡುವಷ್ಟು ವ್ಯವಧಾನ ಅಲ್ಲಿರಲಿಲ್ಲ.

ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ‘ತೀವ್ರ’ ಎಂಬ ಒಂದು ಶಬ್ದ ಇಡೀ ಮನೆಯನ್ನು ಹಿಡಿದು ಅಲ್ಲಾಡಿಸಿತು. ಚಿತ್ರದ ಮಾತಿಗೂ ಮನುಷ್ಯನ ಅವಸ್ಥೆಗೂ ನಡುವೆ ಎಷ್ಟು ಅಂತರವಿರಬಹುದೆಂಬುದನ್ನು ಆ ಮನೆಯವರಿಗೆ ಆಗ ಹೇಳಬಲ್ಲವರಿರಲಿಲ್ಲ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಪ್ರಸಿದ್ಧವಾದದ್ದು. ಬೆನ್ನುನೋವು ಎಂದೂ ಕಾಣದ 67 ಮಂದಿಯ ಬೆನ್ನಿನ ಚಿತ್ರ ತೆಗೆದಾಗ, ಅವರಲ್ಲಿ 60 ವರ್ಷ ದಾಟಿದವರ ಪೈಕಿ ನೂರಕ್ಕೆ 21 ಮಂದಿಗೆ ನಾಳ ಕಿರಿದಾಗಿತ್ತು! ಅವರೆಲ್ಲರೂ ಸುಖವಾಗಿ ನಡೆದಾಡಿಕೊಂಡಿದ್ದವರೇ. ಚಿತ್ರ ಸುಳ್ಳು ಹೇಳುವುದಿಲ್ಲ, ದಿಟ. ಆದರೆ ನೋವೆಷ್ಟು, ನಡೆಯಲಾಗುವುದೆಷ್ಟು, ನಾಳೆ ಏನಾದೀತು ಎಂಬುದನ್ನು ಅದು ಹೇಳಲಾರದು.

ಮರುದಿನ ತಂದೆ ಮಗ ಇಬ್ಬರೂ ಭಾರತೀನಗರದ ಮಾರ್ಗವಾಗಿ ಮದ್ದೂರಿಗೆ ಹೋದರು. ಮಡದಿಯ ಅಣ್ಣ ಅಲ್ಲಿ ರೈಲು ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ನೆಲಸಿದ್ದಾರೆ. ಅವರಿಗೂ ಇದೇ ರೋಗವಾಗಿ, ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆಯಾಗಿತ್ತು. ಅನುಭವಸ್ಥರ ಮಾತಿಗಿಂತ ಮಿಗಿಲಾದದ್ದು ಯಾವುದು ಎಂಬುದು ಮಗನ ವಾದ. ಬಿಸಿ ಮದ್ದೂರು ವಡೆ ತಟ್ಟೆಗೆ ಬಂದಿತು, ಮಾತು ಬೆನ್ನಿಗೆ ಬಂದಿತು.

“ಭಾವ, ಇದರಲ್ಲಿ ಯೋಚಿಸುವುದೇನಿದೆ? ನನ್ನನ್ನು ನೋಡಿ. ಆರು ವಾರ ಮಲಗಿ ಎದ್ದೆ, ಈಗ ನಿಲ್ದಾಣದ ತನಕ ನಡೆದು ಹೋಗಿ ಪತ್ರಿಕೆ ತರುತ್ತೇನೆ. ಹೆದರಬೇಡಿ, ಮಾಡಿಸಿಬಿಡಿ.”

“ನಿಮಗೆ ಆಗ ಏನಾಗಿತ್ತು ಭಾವ?” ಎಂದು ಮೇಷ್ಟ್ರು ಕೇಳಿದರು.

“ಎಡಪಾದ ಮೇಲಕ್ಕೆ ಏಳುತ್ತಿರಲಿಲ್ಲ. ಹೊಸಲು ದಾಟುವಾಗ ಬೆರಳು ತಗುಲಿ ಎರಡು ಸಲ ಬಿದ್ದೆ. ಚಪ್ಪಲಿ ಕಾಲಿನಿಂದ ಜಾರಿ ಹೋದರೂ ತಿಳಿಯುತ್ತಿರಲಿಲ್ಲ.”

ಮೇಷ್ಟ್ರು ಸುಮ್ಮನೆ ತಮ್ಮ ಎರಡು ಪಾದಗಳನ್ನೂ ಎತ್ತಿ ಇಳಿಸಿ ನೋಡಿಕೊಂಡರು. ಎರಡೂ ಎದ್ದವು. ರೋಗದ ಹೆಸರು ಒಂದೇ, ಆದರೆ ಲೆಕ್ಕ ಒಂದೇ ಅಲ್ಲವೆಂಬ ಸಂದೇಹ ಅವರಿಗೆ ಅಲ್ಲಿಯೇ, ಅರ್ಧ ಮುರಿದ ವಡೆಯನ್ನು ಕೈಯಲ್ಲಿ ಹಿಡಿದಿರುವಾಗಲೇ ಮೊಳೆಯಿತು. ಭಾವನವರಿಗೆ ಅದನ್ನು ಹೇಳಲಿಲ್ಲ. ಗುಣವಾದವರ ಉತ್ಸಾಹಕ್ಕೆ ಅಡ್ಡಬರುವುದು ಸೌಜನ್ಯವಲ್ಲ.

ಮದ್ದೂರಿನಿಂದ ಮಂಡ್ಯ ದೂರವೇನೂ ಇಲ್ಲ. ಎರಡನೆಯ ಅಭಿಪ್ರಾಯವೊಂದನ್ನು ಕೇಳಿಯೇ ಊರಿಗೆ ಮರಳೋಣವೆಂದು ತಂದೆ ಮಗ ಬಸ್ಸು ಹತ್ತಿದರು. ಒಂದು ಕಾಲದಲ್ಲಿ ಇಂತಹ ರೋಗಕ್ಕೆ ಈ ಸೀಮೆಯವರು ಮೈಸೂರಿಗೋ ಬೆಂಗಳೂರಿಗೋ ಓಡಬೇಕಾಗಿತ್ತು. 2006ರಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ತರುವಾಯ ಸಲಹೆ ಕೇಳಲಾದರೂ ಜಿಲ್ಲೆಯನ್ನು ಬಿಡಬೇಕಾಗಿಲ್ಲ. ಮಂಡ್ಯದಲ್ಲಿ ಅವರು ಕಂಡ ವೈದ್ಯರು ಮಧ್ಯವಯಸ್ಕರು. ಚಿತ್ರದ ಲಕೋಟೆಯನ್ನು ಬದಿಗಿಟ್ಟು ಮೊದಲು ಕೇಳಿದ ಪ್ರಶ್ನೆ ಇದು:

“ಮೇಷ್ಟ್ರೇ, ಸೈಕಲ್ ತುಳಿಯುತ್ತೀರಾ?”

“ತುಳಿಯುತ್ತೇನೆ. ನಾಲೆಯ ಏರಿಯ ಮೇಲೆ ಗದ್ದೆಯ ತನಕ ಹೋಗಿಬರುತ್ತೇನೆ. ಅದರಲ್ಲಿ ಕಾಲುನೋವೇ ಇಲ್ಲ. ಪೇಟೆಯ ಜನಸಂದಣಿಯಲ್ಲಿ ಮಾತ್ರ ಇಳಿದು ತಳ್ಳುತ್ತೇನೆ.”

“ತಳ್ಳಿಕೊಂಡು ಹೋಗುವಾಗಲೂ ನೋವು ಕಡಿಮೆಯಲ್ಲವೆ?”

ಮೇಷ್ಟ್ರು ಬೆರಗಾದರು. ಹೆಂಡತಿಗೂ ಹೇಳದ ಗುಟ್ಟು ಅದು.

ಅಂಗಡಿಯಲ್ಲಿ ಸಾಮಾನಿನ ತಳ್ಳುಗಾಡಿಯ ಮೇಲೆ ಒರಗಿದಾಗ ಮಾತ್ರ ಸುಖವಾಗಿ ನಡೆಯಬಲ್ಲವರನ್ನು ಕಂಡು ಪಶ್ಚಿಮ ದೇಶಗಳ ವೈದ್ಯರು ಈ ರೋಗವನ್ನು ಗುರುತಿಸುತ್ತಾರೆ. ನಮ್ಮಲ್ಲಿ ತಳ್ಳುಗಾಡಿಯ ಸ್ಥಾನವನ್ನು ಮೇಷ್ಟ್ರ ಸೈಕಲ್ಲು ತುಂಬಿತ್ತು. ಮುಂದಕ್ಕೆ ಬಾಗಿದಾಗ ಬೆನ್ನಿನ ನಾಳ ತುಸು ಹಿಗ್ಗುತ್ತದೆ. ನೆಟ್ಟಗೆ ನಿಂತಾಗ, ಇಳಿಜಾರಿನಲ್ಲಿ ಹಿಂದಕ್ಕೆ ವಾಲಿ ನಡೆಯುವಾಗ ಕುಗ್ಗುತ್ತದೆ. ಕಾಲಿನ ರಕ್ತನಾಳಗಳು ಕಟ್ಟಿಕೊಂಡವರಿಗೂ ನಡೆದರೆ ನೋವು ಬರುವುದುಂಟು. ಆದರೆ ಅವರಿಗೆ ಸುಮ್ಮನೆ ನಿಂತರೂ ನೋವು ಇಳಿಯುತ್ತದೆ, ಸೈಕಲ್ ತುಳಿದರೆ ಬರುತ್ತದೆ. ಈ ರೋಗಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೆ ಬಾಗಬೇಕು. ವೈದ್ಯರು ಮೇಷ್ಟ್ರ ಪಾದದ ಮೇಲೆ ಬೆರಳಿಟ್ಟು ನಾಡಿ ನೋಡಿದರು. ಹಿಮ್ಮಡಿಯ ಮೇಲೊಮ್ಮೆ, ಕಾಲ್ಬೆರಳುಗಳ ಮೇಲೊಮ್ಮೆ ನಡೆಸಿದರು. ಅಂಗಿಯ ಗುಂಡಿಗಳನ್ನು ಬಿಚ್ಚಿ ಹಾಕಿಕೊಳ್ಳಲು ಹೇಳಿದರು. ಮಗನಿಗೆ ಇದು ವಿಚಿತ್ರವಾಗಿ ತೋರಿತು. ಸೊಂಟದ ನೋವಿಗೂ ಗುಂಡಿಗೂ ಏನು ಸಂಬಂಧ? ನಾಳ ಕುತ್ತಿಗೆಯಲ್ಲಿ ಕಿರಿದಾದರೆ ಅಲ್ಲಿರುವುದು ಬೆನ್ನುಹುರಿಯೇ. ಬೆರಳುಗಳ ಚತುರತೆ ಹೋಗುತ್ತದೆ, ನಡಿಗೆ ತೂರಾಡುತ್ತದೆ, ಆಗ ಕಾಯುವುದು ಜಾಣತನವಲ್ಲ. ಮೇಷ್ಟ್ರ ಗುಂಡಿಗಳು ಕ್ರಮವಾಗಿ ಬಿದ್ದುವು.

ಆಮೇಲೆ ವೈದ್ಯರು ಕಾಗದದ ಮೇಲೆ ಒಂದು ನಾಲೆಯ ಚಿತ್ರ ಬರೆದರು. ಮಳವಳ್ಳಿಯವರಿಗೆ ನಾಲೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ಎಷ್ಟೇ ನೀರಿದ್ದರೂ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಗದ್ದೆಗಳಿಗೆ ಅದು ತಲಪುವ ಹೊತ್ತಿಗೆ ಏನಾಗಿರುತ್ತದೆಂಬುದು ಆ ಸೀಮೆಯ ರೈತರಿಗೆ ಗೊತ್ತು. ಗದ್ದೆ ಒಣಗುವುದು ಕೊನೆಯಲ್ಲಿ, ಹೂಳು ತುಂಬಿರುವುದು ನಡುವೆ ಎಲ್ಲಿಯೋ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ನಾಳದಲ್ಲಿ ಇಳಿಯುವುದು ಕುದುರೆಯ ಬಾಲದಂತೆ ಬಿಡಿಬಿಡಿಯಾದ ನರಗಳ ಜೊಂಪೆ. ವಯಸ್ಸಾದಂತೆ ಮೂಳೆಗಳ ನಡುವಣ ಮೆತ್ತೆಗಳು ತೆಳುವಾಗುತ್ತವೆ, ಹಿಂಬದಿಯ ಕೀಲುಗಳು ಊದಿ ಬೆಳೆಯುತ್ತವೆ, ಒಳಗಣ ಬಂಧಕ ತಂತು ದಪ್ಪವಾಗಿ ನಾಳದೊಳಕ್ಕೆ ಮಡಿಚಿಕೊಳ್ಳುತ್ತದೆ. ಮೂರೂ ಕಡೆಯಿಂದ ಹೂಳು. ನಡೆಯುವಾಗ ನರಗಳಿಗೆ ರಕ್ತ ಹೆಚ್ಚು ಬೇಕು, ಇಕ್ಕಟ್ಟಿನಲ್ಲಿ ಅದು ಸಿಗದು, ಕಾಲು ಗೋಳಿಡುತ್ತದೆ. ಮಡದಿ ಎಣ್ಣೆ ತಿಕ್ಕಿದ್ದು ಗದ್ದೆಗೆ, ಅಷ್ಟೆ.

ವೃದ್ಧರ ಈ ಕಾಲುನೋವಿಗೆ ಬೆನ್ನಿನ ನಾಳವೇ ಕಾರಣವೆಂಬುದು ವೈದ್ಯಲೋಕದಲ್ಲಿ ನೆಲೆಗೊಂಡುದಕ್ಕೆ ಬಹಳ ಕಾಲವೇನೂ ಆಗಿಲ್ಲ. ಹಾಲೆಂಡಿನ ನರಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್ ಎಂಬಾತನು 1954ರಲ್ಲಿ ಬರೆದ ಲೇಖನದಿಂದ ಅದು ಎಲ್ಲರ ಗಮನಕ್ಕೆ ಬಂದಿತು. ಅದಕ್ಕೆ ಮುನ್ನ ಇಂತಹ ಅಜ್ಜಂದಿರು ಊರೂರಿನ ಜಗಲಿಗಳ ಮೇಲೆ ಕುಳಿತು, ವಯಸ್ಸಾಯಿತೆಂದುಕೊಂಡು ಎದ್ದು ಹೋಗುತ್ತಿದ್ದರು.

“ಕುಡಿಯುವ ನೀರು ಯಾವುದು?” ಎಂದೂ ವೈದ್ಯರು ಕೇಳಿದರು. ಅದಕ್ಕೂ ಕಾರಣವುಂಟು. ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದರೆ ಅದು ವರ್ಷಗಟ್ಟಲೆ ಮೂಳೆಯಲ್ಲಿ ಸಂಚಯವಾಗಿ, ಮೆದುವಾಗಿರಬೇಕಾದ ಬಂಧಕಗಳನ್ನು ಮೂಳೆಯಂತೆ ಗಟ್ಟಿಮಾಡಿ ನಾಳವನ್ನು ಒತ್ತಬಲ್ಲುದು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರಿನ ಕಡೆಯಲ್ಲಿ. ಕರ್ನಾಟಕದ ಹಲವು ಜಿಲ್ಲೆಗಳ ಕೊಳವೆಬಾವಿಗಳಲ್ಲಿಯೂ ಈ ದೋಷವುಂಟು. ಲೀಟರಿಗೆ 1 ಮಿಲಿಗ್ರಾಮಿನೊಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದೆಡೆ 1.5ರ ತನಕ ಎಂಬುದು ಭಾರತೀಯ ಮಾನಕ. ಮೇಷ್ಟ್ರ ಮನೆಯಲ್ಲಿ ಬಳಸುತ್ತಿದ್ದುದು ಕಾವೇರಿಯ ನೀರು. ಅವರ ಮೂಳೆಗಳಲ್ಲಿ ಆ ಲಕ್ಷಣಗಳೂ ಇರಲಿಲ್ಲ. ಆದರೆ ಕೊಳವೆಬಾವಿಯ ನೀರನ್ನೇ ನಂಬಿದ ಮನೆಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಹಿರಿಯರಿಗೆ ಬಗ್ಗದ ಬೆನ್ನು ಎರಡೂ ಕಂಡರೆ ನೀರನ್ನು ಪರೀಕ್ಷೆಗೆ ಕಳುಹಿಸುವುದು ಔಷಧಿಗಿಂತ ಮೊದಲಿನ ಕೆಲಸ.

ಮಗನ ಮನಸ್ಸಿನಲ್ಲಿದ್ದುದು ಒಂದೇ ಮಾತು. “ಡಾಕ್ಟರೇ, ಒಂದು ತಿಂಗಳೊಳಗೆ ಮಾಡಿಸದಿದ್ದರೆ ಅಪ್ಪಾಜಿಯ ಕಾಲು ಬಿದ್ದುಹೋಗುವುದೆ?”

ವೈದ್ಯರ ಉತ್ತರ ನಿಧಾನವಾಗಿ ಬಂದಿತು. ಸೊಂಟದ ಈ ರೋಗ ಬಹುಮಂದಿಯಲ್ಲಿ ಆಮೆಯ ನಡಿಗೆಯದು. ಕೆಲವರಿಗೆ ವರ್ಷಗಟ್ಟಲೆ ಇದ್ದಂತೆಯೇ ಇರುತ್ತದೆ, ಕೆಲವರಿಗೆ ತಾನಾಗಿ ತುಸು ಇಳಿಯುತ್ತದೆ, ಕೆಲವರಿಗೆ ಬೆಳೆಯುತ್ತದೆ. ಆದರೆ ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳು ಅರಿವಿಲ್ಲದೆ ಹೋಗುವುದು, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶಜ್ಞಾನ ಅಳಿಯುವುದು, ಎರಡು ಕಾಲುಗಳೂ ಒಮ್ಮೆಗೇ ಸೋಲುವುದು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ, ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು, ಬೆಳಗಾಗಲೆಂದು ಕಾಯುವಂತಿಲ್ಲ. ಪಾದ ಜೋಲುತ್ತ ಬಂದರೂ ತಡಮಾಡಬಾರದು. ಮದ್ದೂರಿನ ಭಾವನವರು ಬೇಗ ಮಾಡಿಸಿಕೊಂಡದ್ದು ಸರಿಯೇ ಆಯಿತು. ಮೇಷ್ಟ್ರಿಗೆ ಇವು ಯಾವುವೂ ಇರಲಿಲ್ಲ. ಆದುದರಿಂದ ಅವರ ಮುಂದೆ ಇದ್ದುದು ಅವಸರವಲ್ಲ, ಆಯ್ಕೆ.

ಆಯ್ಕೆಯ ಕಷ್ಟ ಅವಸರದ ಕಷ್ಟಕ್ಕಿಂತ ಬೇರೆ ಬಗೆಯದು. ಅವಸರದಲ್ಲಿ ಬೇರೆಯವರು ತೀರ್ಮಾನಿಸುತ್ತಾರೆ.

ಶಸ್ತ್ರಕ್ರಿಯೆಯೆಂದರೆ ಇಲ್ಲಿ ಮುಖ್ಯವಾಗಿ ನಾಳದ ಹಿಂಬದಿಯ ಕಮಾನಿನಂತಹ ಮೂಳೆಯನ್ನೂ ದಪ್ಪವಾದ ತಂತುವನ್ನೂ ಕೆತ್ತಿ ತೆಗೆದು ನರಗಳಿಗೆ ಜಾಗ ಮಾಡಿಕೊಡುವುದು, ಅರ್ಥಾತ್ ಹೂಳೆತ್ತುವುದು. ಅದರಿಂದ ಫಲವುಂಟೆ? ಉಂಟು. ಅಮೆರಿಕದಲ್ಲಿ 654 ರೋಗಿಗಳನ್ನು ಅನುಸರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು ಎರಡು ವರ್ಷಗಳ ಕೊನೆಗೆ ಉಳಿದವರಿಗಿಂತ ಹೆಚ್ಚು ಸುಖವಾಗಿದ್ದರು. ಆದರೆ ಶಸ್ತ್ರಕ್ರಿಯೆಯಿಲ್ಲದವರೂ ಕೆಟ್ಟುಹೋಗಲಿಲ್ಲ. ಅವರಲ್ಲಿಯೂ ತಕ್ಕಮಟ್ಟಿನ ಸುಧಾರಣೆಯಿತ್ತು. ಎಂಟು ವರ್ಷಗಳ ಲೆಕ್ಕ ತೆಗೆದಾಗ, ಚೀಟಿ ಎತ್ತಿದಂತೆ ಹಂಚಿದ್ದ ಗುಂಪಿನಲ್ಲಿ ಆ ಅಂತರ ಬಹುಮಟ್ಟಿಗೆ ಕರಗಿತ್ತು, ತಾವೇ ಆಯ್ದುಕೊಂಡವರ ಗುಂಪಿನಲ್ಲಿ ಉಳಿದಿತ್ತು. 2015ರ ಇನ್ನೊಂದು ಪ್ರಯೋಗದಲ್ಲಿ ಶಸ್ತ್ರಕ್ರಿಯೆಗೆ ಒಪ್ಪಿದ್ದ 169 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಮೊದಲು ಕ್ರಮವಾದ ವ್ಯಾಯಾಮ ಚಿಕಿತ್ಸೆ ಕೊಟ್ಟರು. ಎರಡು ವರ್ಷದ ಕೊನೆಗೆ ಎರಡು ಗುಂಪುಗಳೂ ಹೆಚ್ಚುಕಡಮೆ ಸಮನಾಗಿ ನಿಂತುವು. ಆದರೆ ವ್ಯಾಯಾಮದವರಲ್ಲಿ ನೂರಕ್ಕೆ 57 ಮಂದಿ ನಡುವೆ ಮನಸ್ಸು ಬದಲಿಸಿ ಶಸ್ತ್ರಕ್ರಿಯೆಗೆ ಹೋಗಿದ್ದರು! ಮನುಷ್ಯರನ್ನು ಗಣಿತಕ್ಕೆ ಒಗ್ಗಿಸುವುದು ಎಷ್ಟು ಪ್ರಯಾಸವೆಂಬುದನ್ನು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಒಂದು ಸಂಗತಿ ಅವರಿಗೆ ಸ್ಪಷ್ಟವಾಯಿತು: ಕೆಲವು ತಿಂಗಳು ವ್ಯಾಯಾಮದಿಂದ ಪರೀಕ್ಷಿಸಿ ನೋಡಿದರೆ ಮುಂದೆ ಶಸ್ತ್ರಕ್ರಿಯೆಯ ಬಾಗಿಲೇನೂ ಮುಚ್ಚುವುದಿಲ್ಲ.

ತಿರುಪು ಸರಳುಗಳ ಮಾತು ಬಂದಾಗ ಮಗ ಮುಂದಕ್ಕೆ ಸರಿದು ಕುಳಿತನು. ಖರ್ಚಿನ ದೊಡ್ಡ ಭಾಗ ಅದರದೇ. ಮೂಳೆ ತೀರ ಸಡಿಲವಾಗಿ ಅಲುಗಾಡುತ್ತಿದ್ದರೆ, ಬೆನ್ನು ಒಂದು ಕಡೆಗೆ ಡೊಂಕಾಗಿ ಬೆಳೆದಿದ್ದರೆ ಅವು ಬೇಕಾಗಬಹುದು. ಬರಿಯ ನಾಳ ಕಿರಿದಾದದ್ದಕ್ಕೆ? ಸ್ವೀಡನ್ನಿನಲ್ಲಿ 247 ಮಂದಿಯ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೂಳೆತ್ತಿ ಸುಮ್ಮನೆ ಬಿಟ್ಟವರಿಗಿಂತ ಸರಳು ಜೋಡಿಸಿಕೊಂಡವರು ಹೆಚ್ಚು ಸುಖಿಗಳಾಗಿರಲಿಲ್ಲ. ಮೂಳೆಯೊಂದು ತುಸು ಮುಂದಕ್ಕೆ ಜಾರಿದವರಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಎಂದು ನಾರ್ವೆಯ ವೈದ್ಯರು 267 ಮಂದಿಯನ್ನು ನೋಡಿ 2021ರಲ್ಲಿ ಬರೆದರು. “ಸರಳು ಏಕೆ ಬೇಕು, ಅದಿಲ್ಲದೆ ಆಗುವುದಿಲ್ಲವೆ ಎಂದು ಕೇಳುವುದು ನಿಮ್ಮ ಹಕ್ಕು. ಉತ್ತರ ಹೇಳಲು ಬೇಸರಪಡುವವರ ಕೈಗೆ ಬೆನ್ನನ್ನು ಕೊಡಬೇಡಿ” ಎಂದು ವೈದ್ಯರು ನಕ್ಕರು.

ಬೆನ್ನಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನ ವಿಚಾರವನ್ನೂ ಮಗ ಎಲ್ಲಿಯೋ ಕೇಳಿದ್ದನು. ಅದು ಕೆಲವರಿಗೆ ಕೆಲವು ವಾರಗಳ ನೆಮ್ಮದಿ. 2014ರಲ್ಲಿ 400 ಮಂದಿಯಲ್ಲಿ ಹೋಲಿಸಿ ನೋಡಿದಾಗ ಬರಿಯ ಅರಿವಳಿಕೆಯ ಚುಚ್ಚುಮದ್ದಿಗೂ ಸ್ಟೀರಾಯ್ಡ್ ಬೆರೆಸಿದ್ದಕ್ಕೂ ಆರು ವಾರಗಳ ಕೊನೆಗೆ ಹೇಳಿಕೊಳ್ಳುವಂತಹ ಭೇದ ಕಾಣಲಿಲ್ಲ. ನೋವಿನ ಗುಳಿಗೆಗಳ ಮಾತೂ ಅಷ್ಟೆ. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಹೊಡೆತ, ರಕ್ತದೊತ್ತಡದವರಿಗೆ ಇನ್ನೂ ಹೆಚ್ಚು. ಮೇಷ್ಟ್ರ ಅಂಗಿಯ ಜೇಬಿನಲ್ಲಿ ಅಂತಹ ಒಂದು ಪಟ್ಟಿ ಅಂದೂ ಇತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟರು.

ಶಸ್ತ್ರಕ್ರಿಯೆಯ ಅಪಾಯಗಳನ್ನೂ ವೈದ್ಯರು ಮುಚ್ಚಿಡಲಿಲ್ಲ. ನರಗಳ ಹೊದಿಕೆ ಹರಿಯಬಹುದು, ಕೀವಾಗಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕೆಲವು ವರ್ಷಗಳಲ್ಲಿ ಇನ್ನೊಂದು ಕಡೆ ಕಿರಿದಾಗಿ ಮತ್ತೆ ಬರಬೇಕಾಗಬಹುದು. ಕಾಲಿನ ನೋವು ಇಳಿಯುವ ಭರವಸೆ ಹೆಚ್ಚು, ಬೆನ್ನಿನ ನೋವಿನದು ಕಡಿಮೆ. ಹಳೆಯ ಜೋಮು ಹಾಗೆಯೇ ಉಳಿಯಲೂಬಹುದು. ಹಣದ ಮಾತೂ ಬಂದಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ತನಕ ನೆರವುಂಟು. ಮೇಷ್ಟ್ರಂತಹ ಮಧ್ಯಮ ವರ್ಗದವರಿಗೆ ನಿಗದಿಯಾದ ವೆಚ್ಚದ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದದ್ದು ಪಿಂಚಣಿಯ ಉಳಿತಾಯದಿಂದ ಬರಬೇಕು. ಈ ವಿವರಗಳನ್ನೆಲ್ಲ ಮಗ ಬ್ಯಾಂಕಿನ ಅಭ್ಯಾಸದಂತೆ ಎರಡು ಅಂಕಣಗಳಲ್ಲಿ ಬರೆದುಕೊಂಡನು.

ಮನೆಗೆ ಬಂದ ಮೇಲೆ ಆ ಕಾಗದವನ್ನು ನೋಡದೆಯೇ ಪ್ರಶ್ನೆಯ ಗಂಟಲನ್ನು ಹಿಡಿದವರು ಮಡದಿ.

“ಏನೂಂದ್ರೆ, ಆಪರೇಷನ್ ಮಾಡಿಸಿಕೊಂಡರೆ, ಈಗ ನಿಮ್ಮಿಂದ ಆಗದ ಯಾವ ಕೆಲಸ ಆಗಬೇಕು?”

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಗದ್ದೆಗೆ ಸೈಕಲ್ಲಿದೆ. ಮಾರುಕಟ್ಟೆಗೆ ಸೈಕಲ್ಲಿದೆ. ಕುಳಿತು ಓದಲು ಏನೂ ತೊಂದರೆಯಿಲ್ಲ. ಕೊನೆಗೆ, “ಮಗುವನ್ನು ಕೈಹಿಡಿದುಕೊಂಡು ಶಾಲೆಗೆ ಬಿಟ್ಟುಬರಬೇಕೆಂದು ಆಸೆ. ಸೈಕಲ್ಲು ತಳ್ಳುತ್ತ ಹೋದರೆ ಕೈಯೇ ಬಿಡುವಿರುವುದಿಲ್ಲ. ಶಾಲೆ ಹದಿನೆಂಟನೆಯ ಕಂಬದ ಎದುರಿಗಿದೆ” ಎಂದರು.

ನಗರದ ಶಸ್ತ್ರವೈದ್ಯರಿಗೆ ಈ ಹದಿನೆಂಟನೆಯ ಕಂಬದ ವಿಷಯ ತಿಳಿದಿರಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ, ಕೇಳಿದ್ದರಲ್ಲವೆ? ಇನ್ನೊಬ್ಬರಿಗೆ ಅದು ಐದನೆಯ ಕಂಬದ ದೇವಸ್ಥಾನವಾಗಿರಬಹುದು, ಅಡಿಗೆಮನೆಯಲ್ಲಿ ಅರ್ಧ ಗಂಟೆ ನಿಲ್ಲುವುದಾಗಿರಬಹುದು. ಎರಡು ಕಂಬವೂ ನಡೆಯಲಾರದೆ, ರಾತ್ರಿ ನಿದ್ರೆಯೂ ಇಲ್ಲದವರು ವ್ಯಾಯಾಮದ ಹೆಸರಿನಲ್ಲಿ ವರ್ಷಗಳನ್ನು ನೂಕುವುದು ವೀರತನವೇನೂ ಅಲ್ಲ. ಅಂತಹವರಿಗೆ ಶಸ್ತ್ರಕ್ರಿಯೆಯೇ ಕರುಣೆ.

ಮೇಷ್ಟ್ರು ಆರು ತಿಂಗಳ ಗಡುವು ಹಾಕಿಕೊಂಡರು. ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ಎಳೆದುಕೊಳ್ಳುವುದು, ಆಮೇಲೆ ಎರಡನ್ನೂ. ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಸೊಂಟವನ್ನು ನೆಲಕ್ಕೆ ಒತ್ತುವುದು. ಸಂಜೆ ನಾಲೆಯ ಏರಿಯ ಮೇಲೆ ಅರ್ಧ ಗಂಟೆ ಸೈಕಲ್ಲು. ನಡೆಯುವಾಗ ನೋವು ಬಲಿಯುವ ತನಕ ಕಾಯದೆ ಅದು ಮೂಡುತ್ತಿರುವಾಗಲೇ ಕುಳಿತು, ಇಳಿದ ಮೇಲೆ ಏಳುವುದು. ಹಿಂದಕ್ಕೆ ಬಾಗುವ ಆಸನಗಳನ್ನು ಬಿಟ್ಟರು. ಯೋಗದ ಗೆಳೆಯರೊಬ್ಬರಿಗೆ ಇದರಿಂದ ಸ್ವಲ್ಪ ಅಸಮಾಧಾನವಾಯಿತು. ಸೊಂಟದ ಪಟ್ಟಿಯನ್ನು ದೂರದ ಪ್ರಯಾಣದ ದಿನ ಮಾತ್ರ ಕಟ್ಟಿದರು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಪ್ರತಿದಿನವೂ ಒಂದು ಅಂಕಿ ಬೀಳತೊಡಗಿತು: 7, 7, 8, 6, 8. ಎರಡನೆಯ ತಿಂಗಳಲ್ಲಿ ಒಂದು ವಾರ ಜ್ವರ ಬಂದು 4ಕ್ಕೆ ಇಳಿದಾಗ ಮಗ ಮತ್ತೆ ಬೆಂಗಳೂರಿನ ಮಾತೆತ್ತಿದನು. ಮದ್ದೂರಿನ ಭಾವನವರು ವಾರಕ್ಕೊಮ್ಮೆ ದೂರವಾಣಿಯಲ್ಲಿ, “ಇನ್ನೂ ಎಷ್ಟು ದಿನ ಭಾವ?” ಎಂದು ವಿಚಾರಿಸುತ್ತಲೇ ಇದ್ದರು.

ಆರನೆಯ ತಿಂಗಳ ಕೊನೆಗೆ ಕ್ಯಾಲೆಂಡರಿನಲ್ಲಿ ನಿಂತ ಅಂಕಿ 13. ಹದಿನೆಂಟಕ್ಕೆ ಇನ್ನೂ ಐದು ಕಡಿಮೆ. ಮಂಡ್ಯದ ವೈದ್ಯರು ಪುನಃ ಹಿಮ್ಮಡಿಯ ಮೇಲೆ ನಡೆಸಿ ನೋಡಿ, ಬಲ ಕುಗ್ಗಿಲ್ಲವೆಂದು ಹೇಳಿ, ಬೇಕೆನಿಸಿದ ದಿನ ಉಪಯೋಗಕ್ಕೆ ಬರಲೆಂದು ಶಸ್ತ್ರವೈದ್ಯರೊಬ್ಬರಿಗೆ ಪತ್ರವನ್ನೂ ಬರೆದುಕೊಟ್ಟರು. ಆ ಪತ್ರ ಪಿಂಚಣಿಯ ಪುಸ್ತಕದೊಡನೆ ಮೇಜಿನ ಸೆಳೆಖಾನೆಯಲ್ಲಿದೆ. ಮುಂದಿನ ಭೇಟಿ ದೀಪಾವಳಿ ಕಳೆದ ಮೇಲೆ.

ಈಗ ಮೇಷ್ಟ್ರು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು, ಮಗುವಿನ ಕೈಹಿಡಿದು ಶಾಲೆಗೆ ಹೊರಡುತ್ತಾರೆ. ಹದಿಮೂರನೆಯ ಕಂಬದ ಹತ್ತಿರ ಅರಳಿಕಟ್ಟೆಯೊಂದಿದೆ. ತಾತ ಮೊಮ್ಮಗಳು ಅಲ್ಲಿ ಐದು ನಿಮಿಷ ಕೂರುತ್ತಾರೆ. ಕಾಲಿನ ಭಾರ ಇಳಿಯುವ ತನಕ ಮಗು ಮಗ್ಗಿ ಒಪ್ಪಿಸಬೇಕೆಂಬುದು ಕರಾರು.

“ತಾತ, ನೀವು ಆಪರೇಷನ್ ಮಾಡಿಸಿಕೊಂಡರೆ ಇಲ್ಲಿ ಕೂರೋದೇ ಇಲ್ವಾ?” ಎಂದು ಮೊನ್ನೆ ಮಗು ಕೇಳಿತು.

“ಇಲ್ಲ ಮಗು, ನೆಟ್ಟಗೆ ಶಾಲೆಗೇ ಹೋಗಿಬಿಡಬಹುದು.”

ಮಗು ಚೀಲವನ್ನು ಹೆಗಲಿಗೆ ಏರಿಸಿಕೊಳ್ಳುತ್ತ, “ಹಾಗಾದರೆ ಹದಿನೇಳರ ಮಗ್ಗಿ ಹೇಳೋ ಹಾಗಿಲ್ಲ ಅಲ್ವಾ?” ಎಂದಿತು.